ಹಳೆಯ ವಿಡಿಯೊ ಗೇಮ್ ಲೋಗೊ ಹಾಗೆ 'ಚಿತ್ರದುರ್ಗ' ಬರೆಯಲು ಫಾಂಟ್ ಸಾಕೇ, ಕೈಯಲ್ಲೇ ಬಿಡಿಸಬೇಕೇ?

ಕೋಟೆಹುಡುಗ (ಚಿತ್ರದುರ್ಗ): ಕಾಲೇಜಿನ ಉತ್ಸವದಲ್ಲಿ ಹಳೆಯ ಗೇಮ್‌ಗಳ ಮಳಿಗೆ ಹಾಕುತ್ತಿದ್ದೇವೆ. ಎಂಟು ಅಡಿ ಅಗಲದ ಬ್ಯಾನರ್ ಮೇಲೆ ಊರಿನ ಹೆಸರು 1991ರ ಸ್ಟ್ರೀಟ್ ಫೈಟರ್ 2 ಲೋಗೊದ ಧಾಟಿಯಲ್ಲಿ ಬರಬೇಕು: ಮೇಲೆ ಹಳದಿ, ಕೆಳಗಿಳಿದಂತೆ ಕೆಂಪು, ಓರೆ ಅಕ್ಷರ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ದಪ್ಪನೆಯ ಕನ್ನಡ ಫಾಂಟ್‌ಗೆ ಬಣ್ಣ ತುಂಬಿ ನೋಡಿದೆ, ಗೇಮ್‌ನ ಕಳೆಯೇ ಇಲ್ಲ. ಏನು ಕೊರತೆ?

ಹೊಂಡದ ಸರ್ಕಲ್ (ದಾವಣಗೆರೆ): ಡಿಟಿಪಿ ಅಂಗಡಿಯಲ್ಲಿ ದಿನವೂ ಇದೇ ಕೆಲಸ ಮಾಡುವವನು ನಾನು. ಫಾಂಟ್‌ನಲ್ಲಿ ದೋಷವಿಲ್ಲ ತಮ್ಮಾ, ಅಂಚಿಲ್ಲ ಅಷ್ಟೆ. ಅಕ್ಷರದ ಸೆಲೆಕ್ಷನ್ ಅನ್ನು 'ಗ್ರೋ' ಮಾಡಿ, ಅಂದರೆ ಸುತ್ತಲೂ ಹಿಗ್ಗಿಸಿ, ಕೆಳಗಿನ ಲೇಯರ್‌ನಲ್ಲಿ ಕಪ್ಪು ತುಂಬು. ಇನ್ನೊಮ್ಮೆ ಗ್ರೋ ಮಾಡಿ ಅದರ ಕೆಳಗೆ ಬಿಳಿ ತುಂಬು. ದಪ್ಪ ಬೇಕಾದರೆ ಕಪ್ಪು ಲೇಯರ್‌ನ ಪ್ರತಿಗಳನ್ನು ಒಂದೊಂದೇ ಪಿಕ್ಸೆಲ್ ಬಲಕ್ಕೂ ಕೆಳಕ್ಕೂ ಸರಿಸುತ್ತಾ ಹೋಗು. ಫೋಟೋಶಾಪ್ ಇದ್ದರೆ ಲೇಯರ್ ಸ್ಟೈಲ್‌ನ ಸ್ಟ್ರೋಕ್ ಮತ್ತು ಗ್ರೇಡಿಯಂಟ್ ಓವರ್‌ಲೇ ಸಾಕು.

ಚುಕ್ಕಿಲೆಕ್ಕ (ದಾವಣಗೆರೆ): ಸರ್, ನೀವು ಹೇಳಿದ್ದರಿಂದ ಹೊಳೆಯುವ ಬ್ಯಾನರ್ ಬರುತ್ತದೆ, ಹಳೆಯ ಲೋಗೊ ಬರುವುದಿಲ್ಲ. ಆ ರೂಪ ಬಂದದ್ದೇ ಯಂತ್ರದ ಇಕ್ಕಟ್ಟಿನಿಂದ. 1985ರ ಸೂಪರ್ ಮಾರಿಯೊ ಬ್ರದರ್ಸ್ ಶೀರ್ಷಿಕೆಯನ್ನು ಹಿಗ್ಗಿಸಿ ನೋಡಿ. 256×240 ಚುಕ್ಕಿಗಳ ಪರದೆ, ಅದರಲ್ಲಿ 8×8 ಚುಕ್ಕಿಗಳ ಬಿಲ್ಲೆಗಳನ್ನು ಜೋಡಿಸಿಯೇ ಅಕ್ಷರ ಕಟ್ಟಬೇಕು. 16×16 ಚುಕ್ಕಿಗಳ ಒಂದು ಚೌಕಕ್ಕೆ ಸಿಗುವುದು ಮೂರು ಬಣ್ಣ, ಜೊತೆಗೆ ಎಲ್ಲದಕ್ಕೂ ಸಾಮಾನ್ಯವಾದ ಒಂದು ಹಿನ್ನೆಲೆ ಬಣ್ಣ. ಅಷ್ಟರಲ್ಲೇ ಅವರು ಅಕ್ಷರಕ್ಕೆ ನೆರಳು ಕೊಟ್ಟರು, ಫಲಕದ ಮೂಲೆಗಳಿಗೆ ಮೊಳೆಯಂಥ ಚುಕ್ಕಿ ಇಟ್ಟರು. ಸಾವಿರ ಛಾಯೆಗಳ ಗ್ರೇಡಿಯಂಟ್ ಹಾಕಿದ ಕೂಡಲೇ ಆ ಬಿಗಿ ಸಡಿಲಾಗುತ್ತದೆ.

ತಮ್ಮಾ, ಚಿಕ್ಕ ಕ್ಯಾನ್ವಾಸ್ ತೆಗೆದುಕೊಂಡು 8 ಪಿಕ್ಸೆಲ್‌ಗೊಂದು ಗ್ರಿಡ್ ಹಾಕು. ಬ್ರಷ್ ಬೇಡ, ಅದು ಅಂಚನ್ನು ಮಸುಕು ಮಾಡುತ್ತದೆ, ಪೆನ್ಸಿಲ್ ಹಿಡಿ. ದೊಡ್ಡದು ಮಾಡುವಾಗ ಇಂಟರ್‌ಪೋಲೇಶನ್‌ನಲ್ಲಿ 'ನನ್' ಆರಿಸಿ ನಾಲ್ಕು ಪಟ್ಟು, ಎಂಟು ಪಟ್ಟು ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸು.

ಕುಂಚದ ಮನೆ (ಚಿತ್ರದುರ್ಗ): ಇಬ್ಬರೂ ಪರದೆಯನ್ನು ಮಾತ್ರ ನೋಡುತ್ತಿದ್ದೀರಿ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದ ನೆತ್ತಿಯ ಮೇಲೆ ಹಿಂದಿನಿಂದ ದೀಪ ಬೆಳಗುವ ಫಲಕ ಇರುತ್ತಿತ್ತಲ್ಲ, ಅದರ ಅಕ್ಷರಗಳನ್ನು ಆ ಕಾಲದ ಕಲಾವಿದರು ಕಾಗದದ ಮೇಲೆ ಕೈಯಿಂದ ಬರೆದು ಆಮೇಲೆ ಮುದ್ರಿಸುತ್ತಿದ್ದರು. ಅಲ್ಲಿ ಚುಕ್ಕಿಯೂ ಇಲ್ಲ, ಬಿಲ್ಲೆಯೂ ಇಲ್ಲ. ಬ್ಯಾನರ್ ಎಂದರೆ ಆ ಫಲಕದ ಸಂತತಿ, ಟಿವಿ ಪರದೆಯದಲ್ಲ. ನಮ್ಮ ಮನೆಯಲ್ಲಿ ಎರಡು ತಲೆಮಾರು ಬೋರ್ಡ್ ಬರೆದಿದ್ದಾರೆ. ಓರೆ ಅಕ್ಷರ ಬರೆಯುವಾಗ ಮೊದಲು ಪೂರ್ತಿ ಪದಕ್ಕೆ ಮೇಲೊಂದು ಕೆಳಗೊಂದು ದಾರ ಹಿಡಿದು ಗೆರೆ ಹಾಕುತ್ತಿದ್ದರು, ಅಕ್ಷರ ಆಮೇಲೆ. ಮೊದಲು ಪದದ ಹೊರ ಆಕಾರ ತೀರ್ಮಾನವಾಗಬೇಕು. ಫಾಂಟ್ ಅದನ್ನು ಕೊಡುವುದಿಲ್ಲ, ಗ್ರಿಡ್ಡೂ ಕೊಡುವುದಿಲ್ಲ.

ಚುಕ್ಕಿಲೆಕ್ಕ: ಅಣ್ಣ, ಫಲಕದ ವಿಷಯ ಒಪ್ಪಿದೆ. ಆದರೆ ಇವನು ಮಾದರಿಯಾಗಿ ಇಟ್ಟುಕೊಂಡಿರುವುದು ಶೀರ್ಷಿಕೆ ಪರದೆಯೋ, ಫಲಕವೋ? ಪರದೆಯಾದರೆ ಇನ್ನೊಂದು ವಿಷಯವಿದೆ. ಸ್ಟ್ರೀಟ್ ಫೈಟರ್ 2 ಆರ್ಕೇಡ್ ಗೇಮ್ 384×224 ಚುಕ್ಕಿಗಳದ್ದು, ಕಾಣುತ್ತಿದ್ದುದು 4:3 ಅನುಪಾತದ ಟ್ಯೂಬ್ ಪರದೆಯ ಮೇಲೆ. ಚುಕ್ಕಿಗೆ ಚುಕ್ಕಿ ನಕಲು ಮಾಡಿದರೆ ಅಕ್ಷರ ಅಡ್ಡಕ್ಕೆ ಹಿಗ್ಗುತ್ತದೆ. ಮಾರಿಯೊ ವಿಷಯದಲ್ಲಿ ಇದರ ತದ್ವಿರುದ್ಧ, ನಕಲು ಕಿರಿದಾಗುತ್ತದೆ.

ಕೋಟೆಹುಡುಗ: ಅಕ್ಕ, ನನ್ನ ಬಳಿ ಇರುವುದು ಪರದೆಯ ಚಿತ್ರ, ಹಿಗ್ಗಿರುವುದು ಈಗ ಕಾಣುತ್ತಿದೆ. ಆದರೆ ಇಂಗ್ಲಿಷ್ ಅಕ್ಷರಗಳಿಗೆ ಇಲ್ಲದ ತೊಡಕು ನನಗಿದೆ. 'ತ್ರ'ದ ಒತ್ತು ಕೆಳಗೆ ಇಳಿಯುತ್ತದೆ, 'ರ್ಗ'ದ ಅರ್ಕಾವತ್ತು ಬಲಕ್ಕೆ ಚಾಚುತ್ತದೆ, 'ಚಿ'ಯ ಗುಡಿಸು ಮೇಲೆ ಸುತ್ತಿಕೊಳ್ಳುತ್ತದೆ. ಒಂದೇ ಎತ್ತರದ ಪಟ್ಟಿಯಲ್ಲಿ ಇವೆಲ್ಲ ಹೇಗೆ ಕೂರಬೇಕು?

ಹೊಂಡದ ಸರ್ಕಲ್: ಹಳೆಯ ಫೋಟೋಶಾಪ್‌ನಲ್ಲಿ ಒತ್ತು ಒಡೆದು ಬರುತ್ತಿದ್ದರೆ ಟೈಪ್ ಪ್ರಿಫರೆನ್ಸ್‌ನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆರಿಸಬೇಕು, ಇನ್ನೂ ಹಳೆಯ ಆವೃತ್ತಿಯಾದರೆ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್'. ಗಿಂಪ್‌ನಲ್ಲಿ ಆ ತಾಪತ್ರಯವಿಲ್ಲ.

ಕುಂಚದ ಮನೆ: ಅವನು ಕೇಳಿದ್ದು ಒತ್ತು ಮೂಡುವುದನ್ನಲ್ಲ, ಕೂರುವುದನ್ನು. ಒತ್ತಿಗೆ ಅಂಜಿ ಅದನ್ನು ಕುಗ್ಗಿಸಬೇಡ ತಮ್ಮಾ. ಪದದ ನಡುವೆ ಕೆಳಗಿಳಿಯುವುದು ಅದೊಂದೇ, ಅದನ್ನೇ ಚೂಪಾಗಿ ಎಳೆದು 'ದು' ಅಡಿಯವರೆಗೆ ಹಾಯಿಸು. ಆ ಲೋಗೊದಲ್ಲಿ ಅಕ್ಷರಗಳ ತುದಿಗೆ ಇರುವ ರಭಸ ನಮ್ಮ ಒತ್ತಿನಲ್ಲಿ ತಾನಾಗಿಯೇ ಇದೆ. ಓರೆ ಮಾಡಲು ಇಡೀ ಪದವನ್ನು ಒಮ್ಮೆಗೇ ವಾಲಿಸುವ ಶಿಯರ್ ಉಪಕರಣ ಒಂದನ್ನೇ ನೆಚ್ಚಿಕೊಳ್ಳಬೇಡ, ತಲೆಕಟ್ಟಿನ ಕೊಕ್ಕೆ ಅತಿಯಾಗಿ ಬಾಗುತ್ತದೆ. ಅಕ್ಷರದ ಅಂಚನ್ನು ಪಾತ್, ಅಂದರೆ ತಿದ್ದಬಲ್ಲ ಗೆರೆ ಮಾಡಿಕೊಂಡು ತಲೆಕಟ್ಟುಗಳನ್ನು ಬೇರೆಯಾಗಿ ತಿದ್ದು.

ಚುಕ್ಕಿಲೆಕ್ಕ: ಇದು ನನಗೂ ಹಿಡಿಸಿತು. ಚುಕ್ಕಿಯಲ್ಲೇ ಮಾಡುವುದಾದರೆ ಅಕ್ಷರಕ್ಕೆ 16 ಚುಕ್ಕಿ ಎತ್ತರ, ಒತ್ತಿಗೆ ಕೆಳಗೆ ಇನ್ನೊಂದು ಬಿಲ್ಲೆ ಸಾಲು, ಒಟ್ಟು 24 ಇಡು. ಎಂಟು ಚುಕ್ಕಿಗಳಲ್ಲಿ 'ಚಿ' ಓದಲಾಗುವುದಿಲ್ಲ. ಗುಡಿಸಿನ ಸುರುಳಿಯೊಳಗೆ ಎರಡು ಚುಕ್ಕಿಯಾದರೂ ಖಾಲಿ ಇರಲಿ, ಇಲ್ಲದಿದ್ದರೆ ಕಪ್ಪು ಅಂಚು ಒಳನುಗ್ಗಿ ಅದು ಬರೀ ಗಂಟಾಗುತ್ತದೆ. ಬಣ್ಣಕ್ಕೆ ಗ್ರೇಡಿಯಂಟ್ ಬೇಡ: ಹಳದಿ, ಕಿತ್ತಳೆ, ಕೆಂಪು, ಕಡುಗೆಂಪು, ನಾಲ್ಕು ಪಟ್ಟಿ.

ಹೊಂಡದ ಸರ್ಕಲ್: ಎಂಟು ಅಡಿಗೆ ಹಿಗ್ಗಿಸಿದಾಗ ಆ ಮೆಟ್ಟಿಲು ಅಂಚು ಜನರಿಗೆ ಮುದ್ರಣ ದೋಷದ ಹಾಗೆ ಕಾಣುತ್ತದಮ್ಮ. ಅಂಗಡಿಗೆ ವಾಪಸ್ ತರುವವರನ್ನು ನಾನು ಕಂಡಿದ್ದೇನೆ.

ಚುಕ್ಕಿಲೆಕ್ಕ: ಅರೆಬರೆ ಮಾಡಿದರೆ ಹಾಗೆ ಕಾಣುತ್ತದೆ ಸರ್. ಒಂದೊಂದು ಚುಕ್ಕಿಯೂ ಬೆರಳಗಲ ಇದ್ದರೆ ಬೇಕೆಂದೇ ಮಾಡಿದ್ದೆಂದು ಯಾರಿಗೂ ತಿಳಿಯುತ್ತದೆ.

ಕೋಟೆಹುಡುಗ: ಮಳಿಗೆಯಲ್ಲಿ ಹಳೆಯ ಟ್ಯೂಬ್ ಟಿವಿಯೂ ಇರುತ್ತದೆ. ಟಿವಿಯ ಮೇಲೆ ಅಕ್ಕ ಹೇಳಿದ 24 ಚುಕ್ಕಿಯದನ್ನು ಓಡಿಸುತ್ತೇನೆ. ಬ್ಯಾನರ್‌ಗೆ ಅಣ್ಣ ಹೇಳಿದಂತೆ ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಪಾತ್ ಎಳೆಯುತ್ತೇನೆ. ಅಂಚಿಗೆ ಸರ್ ಹೇಳಿದ ಕಪ್ಪು ಮತ್ತು ಬಿಳಿ.

ಹೊಂಡದ ಸರ್ಕಲ್: ಹಾಗಾದರೆ ಮುದ್ರಣಕ್ಕೆ ಪಿಡಿಎಫ್ ಕೊಡು, ಜೆಪೆಗ್ ಬೇಡ. ಕಂಪನಿಯ ಮೂಲ ಲೋಗೊವನ್ನು ಪಕ್ಕದಲ್ಲಿ ಹಾಕಬೇಡ, ಅದು ಅವರ ಟ್ರೇಡ್‌ಮಾರ್ಕ್.

ಕುಂಚದ ಮನೆ: ಕಾಗದದ ಮೇಲಿನದನ್ನು ಮೊದಲು ಇಲ್ಲಿ ಹಾಕು. 'ರ್ಗ' ನೋಡಬೇಕು. ಅರ್ಕಾವತ್ತನ್ನು ಕೊನೆಯಲ್ಲಿ ಎಷ್ಟು ದೂರ ಬಿಡುತ್ತೀಯೋ ಅದರ ಮೇಲೆ ಇಡೀ ಪದದ ತೂಕ ನಿಂತಿದೆ.