ಸಂಜೆ ‘ಕ್ವಾಕ್’ ಅನ್ನುತ್ತ ಹೋಗುವ ಹಕ್ಕಿಗೆ ಯಾದಗಿರಿ ಕಡೆ ಏನಂತಾರೆ?

ಪುಸ್ತಕಗಳಲ್ಲಿ ಇದು ‘ಇರುಳು ಬಕ’. ಹೆಸರೇನೋ ಚೆನ್ನಾಗಿದೆ. ಆದರೆ ಸುರಪುರ, ಶಹಾಪುರದ ಕಡೆ ಜನ ಹಾಗನ್ನುವುದನ್ನು ನಾನು ಕೇಳಿಲ್ಲ. ಇಲ್ಲಿ ‘ಬಕ’ ಒಂಟಿಯಾಗಿ ಬಾಯಿಗೆ ಬರುವುದೇ ಕಡಿಮೆ. ‘ಬಕಪಕ್ಷಿ ಹಂಗ ಕಾದು ಕುಂತಾನ’ ಅಂತ ಯಾರನ್ನಾದರೂ ಆಡಿಕೊಳ್ಳುವಾಗ ಮಾತ್ರ ಸಿಗುತ್ತದೆ. ಉಳಿದಂತೆ ಬಿಳಿಯದೆಲ್ಲ ಬೆಳ್ಳಕ್ಕಿ, ಮಿಕ್ಕಿದ್ದೆಲ್ಲ ಕೊಕ್ಕರೆ. ಮುಗೀತು.

ನನಗೆ ‘ಕೊಕ್ಕರೆ’ ಒಪ್ಪಿಗೆಯಿಲ್ಲ. ಹಾರುವಾಗ ನೋಡಿ. ಬಣ್ಣದ ಕೊಕ್ಕರೆ ಕತ್ತನ್ನು ಮುಂದಕ್ಕೆ ಚಾಚಿರುತ್ತದೆ. ಬಕಗಳು ಮಡಿಚಿಕೊಂಡಿರುತ್ತವೆ. ಇದಕ್ಕಂತೂ ಕತ್ತೇ ಇಲ್ಲವೇನೋ ಅನ್ನಿಸಬೇಕು, ಅಷ್ಟು ಕುಳ್ಳು, ಅಷ್ಟು ದಪ್ಪ. ಉದ್ದ ಸುಮಾರು 60 ಸೆಂ.ಮೀ. ನೆತ್ತಿ, ಬೆನ್ನು ಕಪ್ಪು. ರೆಕ್ಕೆ ಬೂದು. ಕಣ್ಣು ಕೆಂಪು. ತಲೆಯ ಹಿಂದೆ ಎರಡು ಮೂರು ಉದ್ದನೆಯ ಬಿಳಿ ಗರಿ. ಹಗಲೆಲ್ಲ ಮರದ ಎಲೆಗಳ ಮರೆಯಲ್ಲಿ ಗುಂಪಾಗಿ ತೂಕಡಿಸಿ, ಹೊತ್ತು ಮುಳುಗಿದ ಮೇಲೆ ಕೂಗುತ್ತ ನೀರಿನ ಕಡೆ ಹೊರಡುತ್ತದೆ. ಮೀನು, ಕಪ್ಪೆ, ಹುಳ ತಿನ್ನುತ್ತದೆ. ಬೇರೆ ಹಕ್ಕಿಯ ಮರಿ ಸಿಕ್ಕರೂ ಬಿಡುವುದಿಲ್ಲ, ಕಳ್ಳ! ಗೂಡಲ್ಲಿ ತನ್ನ ಮರಿಗಳಿದ್ದಾಗ ಹಗಲಲ್ಲೂ ಬೇಟೆಗೆ ಇಳಿಯುತ್ತದೆ.

ಎಳೆಯದು ಮಾತ್ರ ಬೇರೆ ಹಕ್ಕಿಯೇ ಅನ್ನುವಷ್ಟು ಬೇರೆ. ಮೈ ಕಂದು, ಮೇಲೆ ಬಿಳಿ ಚುಕ್ಕೆ. ದೊಡ್ಡವರ ಬಣ್ಣ ಪೂರ್ತಿ ಬರಲು ಎರಡು ಮೂರು ವರ್ಷ ಬೇಕು. ಇದನ್ನು ಕೊಳದ ಬಕ ಅಂದುಕೊಳ್ಳುವವರು ಜಾಸ್ತಿ. ಎಬ್ಬಿಸಿ ನೋಡಿದರೆ ತಿಳಿಯುತ್ತದೆ: ಕೊಳದ ಬಕ ಹಾರಿದ ಕೂಡಲೇ ಬಿಳಿ ರೆಕ್ಕೆ ಫಳ್ಳನೆ ಕಾಣುತ್ತದೆ, ಇದರದ್ದು ಕಂದಾಗಿಯೇ ಇರುತ್ತದೆ. (ಸುಮ್ನೆ ಕೂತ ಹಕ್ಕಿಯನ್ನು ಇದಕ್ಕಾಗಿ ಎಬ್ಬಿಸಬೇಡಿ, ಪ್ಲೀಸ್.)

ಹಿಂದಿಯಲ್ಲಿ ಇದರ ಕೂಗನ್ನೇ ಹಿಡಿದು ‘ವಾಕ್’ ಅಂತಾರೆ. ಮಲಯಾಳದಲ್ಲಿ ‘ಪಾತಿರಾಕೊಕ್ಕ್’, ಅಂದರೆ ನಡುರಾತ್ರಿಯದು. ಕನ್ನಡದಲ್ಲೂ ಕೂಗಿನಿಂದ ಹುಟ್ಟಿದ ಹೆಸರೊಂದು ಎಲ್ಲೋ ಇರಲೇಬೇಕು, ಅಲ್ವಾ? ಬೋನಾಳ ಕೆರೆಯ ಸುತ್ತಲಿನವರು, ಭೀಮಾ ದಂಡೆಯಲ್ಲಿ ಮೀನು ಹಿಡಿಯುವ ಮನೆತನದವರು ಇಲ್ಲಿದ್ದರೆ ಹೇಳಿ. ದಖನಿ ಮಾತಾಡುವವರು ಇದಕ್ಕೂ ‘ಬಗಲಾ’ ಅಂತಲೇ ಅನ್ನುತ್ತಾರಾ? ಮರಿಗೆ ಬೇರೆ ಹೆಸರಿದ್ದರೆ ಅದೂ ಬೇಕು. ಯಾವ ಊರಲ್ಲಿ ಕೇಳಿದ್ದು ಅನ್ನುವುದನ್ನು ಜೊತೆಗೆ ಬರೆಯಿರಿ.