20 ವಿಕೆಟ್ ಯಾರು ತೆಗೆಯುತ್ತಾರೆ, ಪಪ್ಪಾ?

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ 'ವಾಡೆ ಮಂದಿ' ಅಂತ ಹೆಸರು. ವಾಡೆ ಮಾರಿ ಎಷ್ಟೋ ವರ್ಷವಾಯಿತು, ಮಂದಿ ಮಾತ್ರ ಉಳಿದಿದ್ದಾರೆ. 2025ರ ಮೇ 25, ರವಿವಾರ ಮುಂಜಾನೆ ಬೆಳಗಾವಿ ಕಾಕಾ ಅದರಲ್ಲಿ ಒಂದು ಪೋಸ್ಟರ್ ಹಾಕಿದರು. ಬಿಳಿ ಬಟ್ಟೆಯಲ್ಲಿ ರೋಹಿತ್, ಕೊಹ್ಲಿ ಬೆನ್ನು ತಿರುಗಿಸಿ ನಡೆದಿದ್ದಾರೆ. ಕೆಳಗೆ ಕೆಂಪಕ್ಷರ: 'ಭಾರತದ ಟೆಸ್ಟ್ ಕ್ರಿಕೆಟ್ ಇಲ್ಲಿಗೆ ಮುಗಿಯಿತು. ಮುಂದಿನ ವೆಸ್ಟ್ ಇಂಡೀಸ್ ನಾವೇ.' ಹಲವು ಬಾರಿ ಫಾರ್ವರ್ಡ್ ಆದ ಗುರುತು ಬೇರೆ. ಹಿಂದಿನ ದಿನವಷ್ಟೇ ಇಂಗ್ಲೆಂಡ್ ಪ್ರವಾಸಕ್ಕೆ ತಂಡ ಆರಿಸಿದ್ದರು. ಗಿಲ್ ಕ್ಯಾಪ್ಟನ್.

ಮುಂದೆ ನಡೆದದ್ದನ್ನು ಇದ್ದ ಹಾಗೇ ಇಳಿಸಿದ್ದೇನೆ. ನಡುವೆ ಬಂದ ಸತ್ಯನಾರಾಯಣ ಪೂಜೆಯ ಆಮಂತ್ರಣ ಮಾತ್ರ ಬಿಟ್ಟಿದ್ದೇನೆ.

ಬೆಳಗಾವಿ ಕಾಕಾ: ನೋಡ್ರಿ ಎಲ್ಲರೂ. ಮೇ 7ಕ್ಕೆ ರೋಹಿತ್ ಟೆಸ್ಟ್ ಬಿಟ್ಟ, 12ಕ್ಕೆ ಕೊಹ್ಲಿ. ಕೊಹ್ಲಿಗೆ ಟೆಸ್ಟಿನಲ್ಲಿ 10,000ಕ್ಕೆ ಬರೀ 770 ರನ್ ಬಾಕಿ ಇತ್ತು. ಈಗ ಐದು ಟೆಸ್ಟ್. 5-0 ಸೋಲುತ್ತೇವೆ, ಬರೆದಿಟ್ಟುಕೊಳ್ಳಿ.

ಬಾಗಲಕೋಟೆ ಮಾಮಾ: ಮುಂಜಾನೆ ಎದ್ದ ಕೂಡಲೇ ಅಪಶಕುನ ಯಾಕಪ್ಪಾ? ಮಂದಿ ನಾಷ್ಟಾ ಆದರೂ ಮಾಡಲಿ.

ಪುಣೆ ಅಣ್ಣ: ಕಾಕಾ, ಅವರಿಬ್ಬರೂ ಇದ್ದಾಗಲೇ ನ್ಯೂಜಿಲೆಂಡ್ ಇಲ್ಲಿಗೆ ಬಂದು 3-0 ಹೊಡೆದು ಹೋಯಿತಲ್ಲ. ನಮ್ಮ ಪುಣೆಯ ಗಹುಂಜೆ ಮೈದಾನದಲ್ಲಿ ಬಿಸಿಲಿಗೆ ಕೂತು ನೋಡಿದವನು ನಾನು. ಸ್ಯಾಂಟ್ನರ್ ಒಬ್ಬನೇ 13 ವಿಕೆಟ್.

ಬೆಳಗಾವಿ ಕಾಕಾ: ಒಂದು ಸರಣಿ ಹಿಡಿದು ಮಾತಾಡಬೇಡ. ಅದಕ್ಕೂ ಮುಂಚೆ ಮನೆಯಲ್ಲಿ ಸಾಲಾಗಿ 18 ಸರಣಿ ಗೆದ್ದಿದ್ದೇವೆ.

ನಾನು: ಚಿನ್ನಸ್ವಾಮಿಯ 46 ಮರೆತಿರಾ ಕಾಕಾ?

ಇದನ್ನು ಕೇಳಬಾರದಿತ್ತು. ಅದೇ ನ್ಯೂಜಿಲೆಂಡ್ ಸರಣಿಯ ಆ ಟೆಸ್ಟ್ ನೋಡಲು ಕಾಕಾ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದರು. ಮೊದಲ ದಿನ ಪೂರ್ತಿ ಮಳೆ, ಟಾಸ್ ಕೂಡ ಆಗಲಿಲ್ಲ. ಎರಡನೇ ದಿನ ಟಾಸ್ ಗೆದ್ದು ನಾವೇ ಬ್ಯಾಟಿಂಗ್ ತಗೊಂಡೆವು. ಊಟದ ಹೊತ್ತಿಗೆ 34ಕ್ಕೆ 6. ಆಮೇಲೆ 46ಕ್ಕೆ ಆಲೌಟ್, ಅದರಲ್ಲಿ ಐದು ಜನ ಸೊನ್ನೆ. ಕಾಕಾ ವಾಪಸ್ ಬಂದ ಮೇಲೆ ಒಂದು ವಾರ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಹಾಕಿರಲಿಲ್ಲ.

ಉತ್ತರವಾಗಿ ಎರಡೂವರೆ ನಿಮಿಷದ ವಾಯ್ಸ್ ಮೆಸೇಜ್ ಬಂತು. ಈಗಿನ ಹುಡುಗರಿಗೆ ಐಪಿಎಲ್ ಬಿಟ್ಟರೆ ಏನೂ ಗೊತ್ತಿಲ್ಲ, ಚೆಂಡು ಬಿಡೋದಂತೂ ಗೊತ್ತೇ ಇಲ್ಲ ಅನ್ನೋದು ಅದರ ಸಾರ. ಹಿಂದೆ ಕುಕ್ಕರ್ ಮೂರು ಸೀಟಿ ಹೊಡೆಯಿತು.

ಆಗ ವಿಜಯಪುರದಿಂದ ತಂಗಿ ಬಂದಳು. ಕಾಕಾನ ಮಗಳು, ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಕಾಲೇಜು ತಂಡದಲ್ಲಿ ಬೌಲರ್, ಹೊಸ ಚೆಂಡು ಅವಳ ಕೈಗೇ.

ತಂಗಿ: ಪಪ್ಪಾ, ಕಳೆದ ಆಸ್ಟ್ರೇಲಿಯಾ ಪ್ರವಾಸದಲ್ಲಿ ಕೊಹ್ಲಿ 9 ಇನಿಂಗ್ಸ್, 190 ರನ್. ಅದರಲ್ಲಿ 100 ಪರ್ತ್‌ನದೇ. ರೋಹಿತ್ 5 ಇನಿಂಗ್ಸ್, 31. ಈಗ ಕಳೆದುಕೊಂಡದ್ದು ಇಷ್ಟು. ನೀವು ಸುಮ್ನೆ ತಪ್ಪು ಮನೆ ಮುಂದೆ ಅಳುತ್ತಿದ್ದೀರಿ.

ಬೆಳಗಾವಿ ಕಾಕಾ: ಮತ್ತೆ ಯಾರ ಮನೆ ಮುಂದೆ ಅಳಬೇಕು?

ತಂಗಿ: ಬುಮ್ರಾ. ಅಲ್ಲಿ 32 ವಿಕೆಟ್ ತೆಗೆದ. ಸಿಡ್ನಿಯಲ್ಲಿ ಬೆನ್ನು ಹಿಡಿದುಕೊಂಡಿತು, ಎರಡನೇ ಇನಿಂಗ್ಸಿಗೆ ಒಂದು ಚೆಂಡೂ ಹಾಕಲಿಲ್ಲ, ಸೋತೆವು. ಇಂಗ್ಲೆಂಡಿನಲ್ಲಿ ಐದೂ ಟೆಸ್ಟ್ ಆಡೋದು ಕಷ್ಟ ಅಂತ ಆಯ್ಕೆ ಸಮಿತಿಯ ಅಗರ್ಕರ್ ನಿನ್ನೆಯೇ ಹೇಳಿದ್ದಾರೆ. ಶಮಿ ತಂಡದಲ್ಲೇ ಇಲ್ಲ. ಅಶ್ವಿನ್ ಡಿಸೆಂಬರ್‌ನಲ್ಲೇ ಮುಗಿಸಿದ. ಗೆಲ್ಲಲು ಎರಡೂ ಇನಿಂಗ್ಸ್ ಸೇರಿ ಎದುರಾಳಿಯ 20 ವಿಕೆಟ್ ಬೇಕಲ್ಲ, ಬುಮ್ರಾ ಇಲ್ಲದ ಟೆಸ್ಟಿನಲ್ಲಿ ಅವನ್ನು ಯಾರು ತೆಗೆಯುತ್ತಾರೆ?

ಬೆಳಗಾವಿ ಕಾಕಾ: ರನ್ ಇದ್ದರೆ ವಿಕೆಟ್ ತಾವಾಗಿ ಬರುತ್ತವೆ.

ನಾನು: 2011ರಲ್ಲಿ ಸಚಿನ್, ದ್ರಾವಿಡ್, ಲಕ್ಷ್ಮಣ್ ಮೂವರೂ ಇದ್ದರು ಕಾಕಾ. ಲಾರ್ಡ್ಸಿನಲ್ಲಿ ಮೊದಲ ದಿನವೇ ನಮ್ಮ ಮುಖ್ಯ ಬೌಲರ್ ಜಹೀರ್ ತೊಡೆ ಹಿಡಿದುಕೊಂಡು ಹೊರಗೆ ನಡೆದ. ಎಡ್ಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ 710 ಹೊಡೆಯಿತು. ಕುಕ್ ಒಬ್ಬನೇ 294. 4-0 ಸೋತೆವು.

ಪುಣೆ ಅಣ್ಣ: ಅದು ಪೂರ್ತಿ ನಿಜ ಅಲ್ಲ. ಆಗ ಬ್ಯಾಟಿಂಗೂ ಕೈಕೊಟ್ಟಿತ್ತು. ದ್ರಾವಿಡ್ ಮೂರು ಸೆಂಚುರಿ ಹೊಡೆದ, ಉಳಿದವರದು ಒಂದೂ ಇಲ್ಲ.

ಒಪ್ಪಬೇಕಾಯಿತು. ತಂಗಿ ಮಾತ್ರ ಬಿಡಲಿಲ್ಲ.

ತಂಗಿ: ಸರಿ, ಗೆದ್ದದ್ದನ್ನೇ ತಗೊಳ್ಳಿ. 2007, ದ್ರಾವಿಡ್ ಕ್ಯಾಪ್ಟನ್, 1-0. ಇಂಗ್ಲೆಂಡಿನಲ್ಲಿ ನಾವು ಕೊನೆಗೆ ಸರಣಿ ಗೆದ್ದದ್ದು ಅದೇ. ಇಡೀ ಸರಣಿಯಲ್ಲಿ ನಮ್ಮವರದು ಒಂದೇ ಸೆಂಚುರಿ. ಯಾರದು?

ಬಾಗಲಕೋಟೆ ಮಾಮಾ: ಕುಂಬ್ಳೆ!! ಓವಲ್, 110 ನಾಟೌಟ್!!

ತಂಗಿ: ಅಂದರೆ ಅದೂ ಬೌಲರ್‌ದೇ. ಗೆದ್ದ ಟೆಸ್ಟಿನಲ್ಲಿ, ಟ್ರೆಂಟ್ ಬ್ರಿಡ್ಜ್‌ನಲ್ಲಿ, ಜಹೀರ್‌ಗೆ 9 ವಿಕೆಟ್. ಬ್ಯಾಟ್ಸ್‌ಮನ್‌ಗಳು ಮ್ಯಾಚ್ ಉಳಿಸುತ್ತಾರೆ ಪಪ್ಪಾ, ಗೆಲ್ಲಿಸೋದು ನಾವು.

'ನಾವು' ಅಂದದ್ದನ್ನು ಗಮನಿಸಿ. ಕಾಕಾ ಟೈಪ್ ಮಾಡುತ್ತಿದ್ದರು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು.

ಬೆಳಗಾವಿ ಕಾಕಾ: ಒಂದು ಕಾಲಕ್ಕೆ ಎಲ್ಲರನ್ನೂ ಸೋಲಿಸುತ್ತಿದ್ದ ವೆಸ್ಟ್ ಇಂಡೀಸ್ ಗತಿಗೆ ಏನು ಹೇಳುತ್ತೀ?

ತಂಗಿ: ಅದೂ ಅದೇ ಕತೆ. ಅವರ ವೇಗದ ಬೌಲರ್‌ಗಳಲ್ಲಿ ಆಂಬ್ರೋಸ್ 2000ಕ್ಕೆ ಬಿಟ್ಟ, ವಾಲ್ಶ್ 2001ಕ್ಕೆ. ಲಾರಾ ಇದ್ದನಲ್ಲ, 2004ರಲ್ಲಿ ಇಂಗ್ಲೆಂಡ್ ಮೇಲೆ 400 ಹೊಡೆದ. ಸರಣಿ ಇಂಗ್ಲೆಂಡಿಗೆ, 3-0.

ನನಗನಿಸಿದ್ದು ಇಷ್ಟು. ಕಾಕಾಗೆ ತಂಡದ ಚಿಂತೆಗಿಂತ ಕೊಹ್ಲಿ ಹೋದ ಸಂಕಟ ಜಾಸ್ತಿ. ಅದನ್ನು ನೇರ ಹೇಳಲಾಗದೆ ತಂಡಕ್ಕೇ ತಿಥಿ ಮಾಡುತ್ತಿದ್ದರು. ಮುಂದಿನ ಮೆಸೇಜಿನಲ್ಲಿ ದನಿ ಸ್ವಲ್ಪ ಇಳಿದಿತ್ತು.

ಬೆಳಗಾವಿ ಕಾಕಾ: ಆಯ್ತವ್ವಾ. ಆದರೆ ಅಭಿಮನ್ಯು ಈಶ್ವರನ್‌ಗೆ ಈ ಸಲವಾದರೂ ಆಡಿಸಲಿ. 2019ರ ಮೇದಲ್ಲಿ ಇಲ್ಲೇ ಆಟೋ ನಗರದ ಮೈದಾನದಲ್ಲಿ ಶ್ರೀಲಂಕಾ ಎ ಮೇಲೆ 233 ಹೊಡೆದಾಗ ಬೇಲಿ ಪಕ್ಕ ನಿಂತು ನೋಡಿದ್ದೇನೆ. ಆರು ವರ್ಷದ ಮೇಲೂ ಆಡಲು ಸಿಗದೆ ಆಡುವವರಿಗೆ ನೀರಿನ ಬಾಟಲಿ ಹೊರುತ್ತಿದ್ದಾನೆ.

ಬಾಗಲಕೋಟೆ ಮಾಮಾ: ಕರುಣ್ ನಾಯರ್‌ನನ್ನು ಕರೆದರಲ್ಲ, ಅಷ್ಟೇ ಚಲೋ. 2016ರಲ್ಲಿ 303 ಹೊಡೆದವನನ್ನು ಇಷ್ಟು ವರ್ಷ ಹೊರಗಿಟ್ಟವರು ಇವರು.

ಬೆಳಗಾವಿ ಕಾಕಾ: 5-0 ಆದರೆ ನಿಮ್ಮಿಂದ ಅಮೀನಗಡದ ಕರದಂಟು, 2 ಕಿಲೋ.

ಬಾಗಲಕೋಟೆ ಮಾಮಾ: ಒಂದೇ ಟೆಸ್ಟ್ ಗೆದ್ದರೂ ನಿಮ್ಮಿಂದ ಕುಂದಾ. ಒಪ್ಪಿಗೆಯಾ?

ಇಷ್ಟು ಹೊತ್ತು ಬರೀ ನೀಲಿ ಗೆರೆ ತೋರಿಸುತ್ತಿದ್ದ ಅತ್ತಿ ಆಗ ಬರೆದರು.

ಬಾಗಲಕೋಟೆ ಅತ್ತಿ: ಎಲ್ಲರೂ ಬುಮ್ರಾ ಬುಮ್ರಾ ಅನ್ನುತ್ತೀರಿ. ಆಸ್ಟ್ರೇಲಿಯಾದಲ್ಲಿ ಆ ಸಿರಾಜ್ ಹುಡುಗ ಐದೂ ಟೆಸ್ಟ್ ಹಾಕಿದನಲ್ಲ, 20 ವಿಕೆಟ್. ಅವನಿಗೆ ದಣಿವು ಅನ್ನೋದೇ ಇಲ್ಲ. ಚೆಂಡು ಅವನ ಕೈಗೆ ಕೊಡಲಿ.

ಬಾಗಲಕೋಟೆ ಮಾಮಾ: ನೀನು ಯಾವಾಗ ಮ್ಯಾಚ್ ನೋಡಿದೆ?

ಬಾಗಲಕೋಟೆ ಅತ್ತಿ: ಮುಂಜಾನೆ ಐದಕ್ಕೆ ಟಿವಿ ಹಚ್ಚಿ ಗೊರಕೆ ಹೊಡೆಯುತ್ತಿದ್ದವರು ನೀವು. ನೋಡಿದ್ದು ನಾನು.