ಸ್ಟಿಲ್, ಯೆಟ್, ಎನಿಮೋರ್: ವಾಕ್ಯದಲ್ಲಿ ‘ನಾಟ್’ ಇದ್ದಾಗ ಇವುಗಳ ಜಾಗ ಎಲ್ಲಿ?

ಪ್ರಶ್ನೆ: ಆಫೀಸ್ ಮೇಲ್‌ನಲ್ಲಿ ‘ಇನ್ನೂ ಬಂದಿಲ್ಲ’ ಅಂತ ಬರೆಯಬೇಕಾದಾಗಲೆಲ್ಲ ಗೊಂದಲ. ‘ಹಿ ಯೆಟ್ ಡಿಡ್ ನಾಟ್ ಕಮ್’, ‘ಸ್ಟಿಲ್ ಹಿ ಡಿಡ್ ನಾಟ್ ಕಮ್’ ಎರಡೂ ಸರಿಯಿಲ್ಲ ಅಂತಾರೆ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ಟಿಲ್ ‘ನಾಟ್’ಗಿಂತ ಮೊದಲು, ಯೆಟ್ ‘ನಾಟ್’ ಆದ ಮೇಲೆ. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲು ಇವೆರಡೂ ಇಲ್ಲದೆ ವಾಕ್ಯ ಬರೆಯಿರಿ: ‘ಐ ಹ್ಯಾವಂಟ್ ರಿಸೀವ್ಡ್ ದ ಪೇಮೆಂಟ್’. ಯೆಟ್ ಬೇಕಾದರೆ ಕೊನೆಗೆ ಸೇರಿಸಿ. ಸ್ಟಿಲ್ ಬೇಕಾದರೆ ಕರ್ತೃವಿನ ಪಕ್ಕದಲ್ಲೇ ಇಡಿ: ‘ಐ ಸ್ಟಿಲ್ ಹ್ಯಾವಂಟ್ ರಿಸೀವ್ಡ್ ದ ಪೇಮೆಂಟ್’.

ತಪ್ಪು ಹುಟ್ಟುವುದು ‘ನಾಟ್’ ಇಲ್ಲದ ವಾಕ್ಯಗಳ ರೂಢಿಯಿಂದ. ‘ಐ ಕ್ಯಾನ್ ಸ್ಟಿಲ್ ಸೀ ಇಟ್’ ಸರಿ ತಾನೆ ಅಂದುಕೊಂಡು ‘ಐ ಕಾಂಟ್ ಸ್ಟಿಲ್ ಸೀ ಇಟ್’ ಅನ್ನುತ್ತಾರೆ. ಕಾಂಟ್, ಡೋಂಟ್, ಹ್ಯಾಸಂಟ್ ಇವುಗಳಲ್ಲಿ ‘ನಾಟ್’ ಅಂಟಿಕೊಂಡಿರುತ್ತದೆ. ಹಾಗಾಗಿ ಸ್ಟಿಲ್ ಇಡೀ ಪದಕ್ಕಿಂತ ಮೊದಲು ಬರಬೇಕು: ‘ಐ ಸ್ಟಿಲ್ ಕಾಂಟ್ ಸೀ ಇಟ್’. ‘ನಾಟ್’ ಬಿಡಿಯಾಗಿದ್ದರೆ ನಡುವೆಯೂ ಕೂರುತ್ತದೆ: ‘ಹಿ ಇಸ್ ಸ್ಟಿಲ್ ನಾಟ್ ರೆಡಿ’.

ಉತ್ತರ 2: ಮೇಲ್ ಅಂದಿರಿ, ಅದಕ್ಕೇ ಧ್ವನಿಯ ವ್ಯತ್ಯಾಸ ಹೇಳುತ್ತೇನೆ. ‘ಯು ಸ್ಟಿಲ್ ಹ್ಯಾವಂಟ್ ರಿಪ್ಲೈಡ್’ ಅಂದರೆ ‘ಇಷ್ಟು ಹೊತ್ತಾದರೂ ಉತ್ತರ ಇಲ್ಲ’ ಎಂಬ ಅಸಮಾಧಾನ ಕೇಳಿಸುತ್ತದೆ. ಯೆಟ್‌ನಲ್ಲಿ ಆ ಚುರುಕು ಕಡಿಮೆ. ಗ್ರಾಹಕರಿಗೆ, ಮೇಲಧಿಕಾರಿಗೆ ಬರೆಯುವಾಗ ‘ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದ ಇನ್‌ವಾಯ್ಸ್’ ಸುರಕ್ಷಿತ. ವಾಕ್ಯದ ಬಾಲ ಉದ್ದವಿದ್ದಾಗಲೂ ಯೆಟ್ ಹೀಗೆ ‘ನಾಟ್’ ಪಕ್ಕಕ್ಕೆ ಬರಲಿ. ‘ರಿಸೀವ್ಡ್ ಯೆಟ್ ದ ಇನ್‌ವಾಯ್ಸ್’ ಅಂತ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಮಾತ್ರ ತುರುಕಬೇಡಿ.

ನಿಮ್ಮ ‘ಸ್ಟಿಲ್ ಹಿ ಡಿಡ್ ನಾಟ್ ಕಮ್’ ವ್ಯಾಕರಣದಲ್ಲಿ ತಪ್ಪಲ್ಲ, ಅರ್ಥ ಬೇರೆ. ವಾಕ್ಯದ ಆರಂಭದಲ್ಲಿ ಸ್ಟಿಲ್ ಆಗಲಿ ಯೆಟ್ ಆಗಲಿ ಬಂದರೆ ‘ಆದರೂ ಅವನು ಬರಲಿಲ್ಲ’ ಅಂತಾಗುತ್ತದೆ. ಇನ್ನು ‘ಡಿಡ್’: ಅಮೆರಿಕದ ಆಡುಮಾತಿನಲ್ಲಿ ‘ಡಿಡಂಟ್ ಕಮ್ ಯೆಟ್’ ಇದೆ, ಆದರೆ ನಮ್ಮ ಪರೀಕ್ಷೆಗೂ ಕಚೇರಿ ಬರಹಕ್ಕೂ ‘ಹ್ಯಾಸಂಟ್ ಕಮ್ ಯೆಟ್’ ಬಳಸಿ.

ಉತ್ತರ 3: ‘ಈಗ ಇಲ್ಲ, ಮೊದಲಿತ್ತು’ ಅನ್ನಲು ಎನಿಮೋರ್, ಅದರ ಜಾಗ ವಾಕ್ಯದ ಕೊನೆ: ‘ಶಿ ಡಸಂಟ್ ವರ್ಕ್ ಹಿಯರ್ ಎನಿಮೋರ್’. ಇದೇ ಮಾತನ್ನು ‘ನೋ ಲಾಂಗರ್’ನಿಂದ ಹೇಳಿದರೆ ‘ನಾಟ್’ ಬಿಡಬೇಕು, ಅದು ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರಬೇಕು: ‘ಶಿ ನೋ ಲಾಂಗರ್ ವರ್ಕ್ಸ್ ಹಿಯರ್’. ‘ಇಸ್’ ಇದ್ದರೆ ಅದರ ನಂತರ: ‘ದಿಸ್ ನಂಬರ್ ಇಸ್ ನೋ ಲಾಂಗರ್ ಇನ್ ಯೂಸ್’. ಎರಡು ನಿಷೇಧ ಒಟ್ಟಿಗೆ ಹಾಕಿದರೆ ಅರ್ಥ ಕೆಡುತ್ತದೆ.

ಆಲ್ರೆಡಿಗೆ ‘ನಾಟ್’ ಜೊತೆ ಕೆಲಸ ಕಡಿಮೆ. ‘ಐ ಹ್ಯಾವಂಟ್ ಆಲ್ರೆಡಿ ಈಟನ್’ ಬೇಡ, ಅಲ್ಲಿ ಯೆಟ್ ಬೇಕು. ‘ಈಗಾಗಲೇ ಮಾಡಿರದಿದ್ದರೆ’ ಅನ್ನುವ ‘ಇಫ್ ಯು ಹ್ಯಾವಂಟ್ ಆಲ್ರೆಡಿ’ ಮಾತ್ರ ಮೇಲ್‌ಗಳಲ್ಲಿ ಧಾರಾಳವಾಗಿ ನಡೆಯುತ್ತದೆ.

ಉತ್ತರ 4: ಆಲ್ವೇಸ್ ಬಗ್ಗೆ ಯಾರೂ ಹೇಳಲಿಲ್ಲ, ನಿಜವಾದ ಅನರ್ಥ ಆಗುವುದು ಅಲ್ಲೇ. ಕನ್ನಡದ ‘ಅವರು ಯಾವಾಗಲೂ ಫೋನ್ ಎತ್ತಲ್ಲ’ ಎಂಬುದಕ್ಕೆ ‘ಹಿ ಡಸಂಟ್ ಆಲ್ವೇಸ್ ಆನ್ಸರ್’ ಅಂದರೆ ಕೆಲವು ಸಲ ಎತ್ತುತ್ತಾರೆ ಅಂತಾಗುತ್ತದೆ. ಎತ್ತುವುದೇ ಇಲ್ಲ ಅನ್ನಲು ‘ಹಿ ನೆವರ್ ಆನ್ಸರ್ಸ್’, ಇಲ್ಲಿ ‘ನಾಟ್’ ಬೇಡ. ರೇರ್ಲಿ, ಹಾರ್ಡ್ಲಿ ಕೂಡ ಇದೇ ಗುಂಪು. ಸಮ್‌ಟೈಮ್ಸ್ ಮಾತ್ರ ಸ್ಟಿಲ್ ಹಾಗೆ ‘ನಾಟ್’ಗಿಂತ ಮೊದಲೇ ಇರಲಿ: ‘ಹಿ ಸಮ್‌ಟೈಮ್ಸ್ ಡಸಂಟ್ ಆನ್ಸರ್’. ಯೂಶುವಲಿ ಎರಡು ಕಡೆಯೂ ಸಲ್ಲುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.